ಮೊದಲ ರೈಫಲ್, ಮತ್ತು ಬೇಡವಾದ ದುರ್ಬೀನು

ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಣ್ಣನ ಮಗ ಮೊಬೈಲ್ ಹಿಡಿದುಕೊಂಡು ಬಂದ. ತೆರೆಯ ಮೇಲೆ ಕಪ್ಪು ಬಣ್ಣದ ಒಂದು ಏರ್ ರೈಫಲ್. ಮೂತಿಗೆ ಎರಡು ಕಾಲು, ಬೆನ್ನ ಮೇಲೆ ಮೊಳದುದ್ದದ ದುರ್ಬೀನು. "ಚಿಕ್ಕಪ್ಪ, ಇದು 1200 ಎಫ್‌ಪಿಎಸ್ ಅಂತೆ, ಅಂದ್ರೆ ಗುಂಡಿನ ವೇಗ ಸೆಕೆಂಡಿಗೆ 1200 ಅಡಿ. ಸ್ಕೋಪ್ ಫ್ರೀ. ತಗೊಳ್ಳಲಾ?"

"ಹೊಡೆಯೋದು ಯಾವುದಕ್ಕೆ ಮಾರಾಯ?" ಅಂದೆ.

ಅದಕ್ಕೆ ಉತ್ತರ ಇರಲಿಲ್ಲ. ಅವನೊಬ್ಬನ ಬಳಿ ಅಂತಲ್ಲ, ರೈಫಲ್ ಕೊಳ್ಳಲು ಹೊರಟ ಹತ್ತರಲ್ಲಿ ಎಂಟು ಜನರ ಬಳಿಯೂ ಇರುವುದಿಲ್ಲ. ಕಂಪನಿ ಯಾವುದು, ವೇಗ ಎಷ್ಟು, ದುರ್ಬೀನಿನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತೆ ಅಂತ ಕೇಳುತ್ತಾರೆ. ಗುರಿ ಯಾವುದು ಅಂತ ಮೊದಲು ಗೊತ್ತಾದರೆ ಈ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಉದುರಿಹೋಗುತ್ತವೆ, ದುಡ್ಡೂ ಉಳಿಯುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಹೊಸದಲ್ಲ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಯ್ದು ಇಟ್ಟು, ಮುಗಿದ ಮೇಲೆ ಬಿಡಿಸಿಕೊಂಡು ಬರುವ ಗೋಳೂ ಹೊಸದಲ್ಲ. ಹಾಗಾಗಿ "ಅಜ್ಜ ಕೋವಿ ಹೊಡೀತಿದ್ರು, ನಂಗೆ ಇದು ರಕ್ತದಲ್ಲೇ ಇದೆ" ಎನ್ನುವ ಹುಡುಗರು ಸಿಗುತ್ತಾರೆ. ಆದರೆ ಅಜ್ಜನ ತೋಟೆ ಕೋವಿಯ ನಳಿಕೆ ಒಳಗಡೆ ನುಣುಪು. ಈಡು ಹೊಡೆದರೆ ಚರೆಗಳು ಹರಡಿಕೊಂಡು ಹೋಗುತ್ತವೆ, ಅವುಗಳಲ್ಲಿ ಒಂದು ತಗುಲಿದರೆ ಸಾಕು. ರೈಫಲ್‌ನ ನಳಿಕೆಯೊಳಗೆ ತಿರುಪಿನಂತೆ ಸುತ್ತುವ ಗೀರುಗಳಿರುತ್ತವೆ. ಅವುಗಳಿಂದಲೇ ಅದಕ್ಕೆ ರೈಫಲ್ ಎಂಬ ಹೆಸರು. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುತ್ತವೆ. ತಿರುಗುವ ಬುಗುರಿ ಹೇಗೆ ವಾಲದೆ ನಿಲ್ಲುತ್ತದೋ ಹಾಗೆ ತಿರುಗುವ ಗುಂಡು ಅಡ್ಡ ಬೀಳದೆ ನೇರ ಹೋಗುತ್ತದೆ. ಒಂದೇ ಗುಂಡು, ಒಂದೇ ಚುಕ್ಕಿ. ಕೋವಿಯ ಅಭ್ಯಾಸ ಇದ್ದವರಿಗೆ ರೈಫಲ್ ಕಲಿಯುವಾಗ ಮರೆಯಬೇಕಾದದ್ದೇ ಜಾಸ್ತಿ.

ಕಾನೂನಿನ ಮಾತು ಮುಗಿಸಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಕೆಯ ಒಳವ್ಯಾಸ 0.177 ಇಂಚು, ಅಂದರೆ 4.5 ಮಿ.ಮೀ. ಮೀರದ ಮತ್ತು ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅದಕ್ಕಿಂತ ದೊಡ್ಡ ನಳಿಕೆ ಅಥವಾ ಹೆಚ್ಚಿನ ಶಕ್ತಿ ಇದ್ದರೆ ಬೇಕು. ಎನ್‌ಸಿಸಿಯಲ್ಲಿ ಹೊಡೆಸುವ ಪಾಯಿಂಟ್ ಟೂ ಟೂ ರೈಫಲ್ ಮದ್ದಿನ ತೋಟೆಯದು, ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕೇ ಬೇಕು. ಹೊಸಬರು ಆ ಕಡೆ ತಲೆ ಹಾಕುವುದು ಬೇಡ. ಏರ್ ರೈಫಲ್ ಕೊಳ್ಳುವಾಗ ಅಂಗಡಿಯವರು ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ, ಕೊಡಿ. ಬಿಲ್ ಜೋಪಾನವಾಗಿಡಿ. ಬಸ್ಸಿನಲ್ಲಿ ಒಯ್ಯುವಾಗ ಚೀಲದೊಳಗೆ ಒಯ್ಯಿರಿ.

ಅಡಿಕೆ ತೋಟಕ್ಕೆ ಬರುವ ಮಂಗಗಳಿಗೆ ಹೊಡೆಯಲೆಂದೇ ಏರ್‌ಗನ್ ತರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದೂ ಬೇಟೆಯೇ. ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿಗಳನ್ನು ನೋಡಿಕೊಂಡೇ ಬೆಳೆದವರಿಗೆ ಹಕ್ಕಿಯ ವಿಷಯ ಬೇರೆ ಹೇಳಬೇಕಿಲ್ಲ. ಈ ಬರಹದಲ್ಲಿ ಗುರಿ ಎಂದರೆ ಕಾಗದ.

ಆ ಕಾಗದ ಹೇಗಿರುತ್ತದೆ ನೋಡಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಸ್ಪರ್ಧೆ 10 ಮೀಟರ್ ಏರ್ ರೈಫಲ್. ಗಗನ್ ನಾರಂಗ್ 2012ರಲ್ಲಿ ಲಂಡನ್ನಿನಲ್ಲಿ ಕಂಚು ತಂದದ್ದೂ ಅದರಲ್ಲೇ. ಅದರ ಗುರಿಹಲಗೆಯ ಕಪ್ಪು ಭಾಗದ ಅಗಲ 30.5 ಮಿ.ಮೀ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ., ಅಂದರೆ ಕಪ್ಪು ವೃತ್ತ ಆ ನಾಣ್ಯಕ್ಕಿಂತ ತುಸುವೇ ದೊಡ್ಡದು. ಅದರ ನಡುವಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿ.ಮೀ., ಸಾಸಿವೆ ಕಾಳಿಗಿಂತ ಸಣ್ಣದು. 4.5 ಮಿ.ಮೀ. ಅಗಲದ ಗುಂಡಿನ ಅಂಚು ಆ ಚುಕ್ಕಿಗೆ ತಾಗಿದರೂ ಹತ್ತು ಸಿಗುತ್ತದೆ ಎನ್ನುವುದೊಂದೇ ಸಮಾಧಾನ. ಇಷ್ಟು ಸಣ್ಣದಕ್ಕೆ ನಿಂತುಕೊಂಡು 60 ಗುಂಡು ಹೊಡೆಯಬೇಕು. ದುರ್ಬೀನಿಗೆ ಅನುಮತಿ ಇಲ್ಲ.

ಅಣ್ಣನ ಮಗನ ಮುಖ ಸಪ್ಪಗಾದದ್ದು ಇಲ್ಲೇ. ಒಲಿಂಪಿಕ್ಸ್‌ನಲ್ಲಿ ಹೊಡೆಯುವವರ ಕಣ್ಣ ಮುಂದೆ ಇರುವುದು ದುರ್ಬೀನು ಎಂದೇ ಅವನು ತಿಳಿದಿದ್ದ. ಅದು ಪೀಪ್ ಸೈಟ್, ಅಂದರೆ ಇಣುಕಿ ಗುರಿ ಹಿಡಿಯುವ ಸಾಧನ, ಒಳಗೆ ಮಸೂರವೇ ಇಲ್ಲ. ಹಿಂದುಗಡೆ ಒಂದು ಮಿ.ಮೀ. ಆಸುಪಾಸಿನ ಕಿರುಗಂಡಿ, ನಳಿಕೆಯ ತುದಿಯಲ್ಲಿ ಒಂದು ಬಳೆ, ಆ ಬಳೆಯೊಳಗೆ ಕಪ್ಪು ವೃತ್ತ. ಒಂದರೊಳಗೊಂದು ವೃತ್ತ ಕೂತಾಗ ಕಣ್ಣು ತನ್ನಷ್ಟಕ್ಕೇ ನಡು ಹುಡುಕಿಕೊಳ್ಳುತ್ತದೆ. ಬಾವಿಕಟ್ಟೆಯಿಂದ ಇಣುಕಿದರೆ ಒಳಗೆ ಬಿದ್ದ ಕೊಡ ನಡುವಿಗಿದೆಯೋ ಪಕ್ಕಕ್ಕಿದೆಯೋ ಥಟ್ಟನೆ ತಿಳಿಯುತ್ತದಲ್ಲ, ಹಾಗೆ. ಪೀಪ್ ಇಲ್ಲದ ರೈಫಲ್‌ಗೂ ಜಾಗವಿದೆ. ಶಾಲಾ ಕ್ರೀಡಾಕೂಟಗಳಲ್ಲಿ ಓಪನ್ ಸೈಟ್ ಎಂಬ ಪ್ರತ್ಯೇಕ ವಿಭಾಗವಿದೆ. ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊನೆ, ಅಷ್ಟೇ. ಕಡಿಮೆ ದುಡ್ಡಿನಲ್ಲಿ ಶುರುಮಾಡಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಇನ್ನು ಆ 1200 ಎಫ್‌ಪಿಎಸ್. ಗುರಿ ಹೊಡೆಯುವ ಪೆಲೆಟ್‌ನ, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡಿನ, ತೂಕ ಸುಮಾರು ಅರ್ಧ ಗ್ರಾಂ. ಶಾಲೆಯಲ್ಲಿ ಕಲಿತ ಸೂತ್ರವನ್ನೇ ಹಾಕಿ: ತೂಕದ ಅರ್ಧಕ್ಕೆ ವೇಗದ ವರ್ಗ ಗುಣಿಸು. ಸೆಕೆಂಡಿಗೆ 200 ಮೀಟರ್ ವೇಗಕ್ಕೆ 10 ಜೂಲ್ ಬರುತ್ತದೆ. 20 ಜೂಲ್ ಮುಟ್ಟಲು 283 ಮೀಟರ್ ಬೇಕು, ಅಂದರೆ ಸುಮಾರು 930 ಅಡಿ. 1200 ಅಡಿ ಎಂದರೆ 366 ಮೀಟರ್. ಅರ್ಧ ಗ್ರಾಂ ಪೆಲೆಟ್ ಆ ವೇಗದಲ್ಲಿ ಹೋದರೆ ಶಕ್ತಿ 33 ಜೂಲ್ ದಾಟುತ್ತದೆ, ಆಗ ಲೈಸೆನ್ಸ್ ಇಲ್ಲದೆ ಅದನ್ನು ಮಾರುವಂತೆಯೇ ಇಲ್ಲ. ಒಂದೋ ಜಾಹೀರಾತು ಸುಳ್ಳು, ಇಲ್ಲವೇ ಹತ್ತಿಯಷ್ಟು ಹಗುರದ ಪೆಲೆಟ್ ಹಾಕಿ ಅಳೆದಿದ್ದಾರೆ. ಮೇಲಾಗಿ ಶಬ್ದದ ವೇಗವೇ ಸೆಕೆಂಡಿಗೆ 340 ಮೀಟರ್ ಆಸುಪಾಸು. ಅದನ್ನು ದಾಟಿ ಮತ್ತೆ ಕೆಳಗಿಳಿಯುವಾಗ ಪೆಲೆಟ್ ಅಲುಗಾಡಿ ದಿಕ್ಕು ತಪ್ಪುತ್ತದೆ. ಒಲಿಂಪಿಕ್ಸ್ ರೈಫಲ್‌ಗಳ ವೇಗ ಎಷ್ಟು ಗೊತ್ತೆ? ಸುಮಾರು 175 ಮೀಟರ್. ಶಕ್ತಿ 8 ಜೂಲ್ ಕೂಡ ಇಲ್ಲ. ಕಾಗದಕ್ಕೆ ತೂತು ಮಾಡಲು ಅಷ್ಟು ಸಾಕು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ಅಗ್ಗದ ಏರ್ ರೈಫಲ್ ಎಂದರೆ ಸ್ಪ್ರಿಂಗಿನದು. ನಳಿಕೆ ಮಡಿಸಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಪೆಲೆಟ್ ತಳ್ಳುತ್ತದೆ. ಮಹಾರಾಷ್ಟ್ರದ ಪ್ರೆಸಿಹೋಲ್‌ನಂಥ ದೇಶೀ ತಯಾರಕರ ರೈಫಲ್‌ಗಳು ಈಗ ಚೆನ್ನಾಗಿಯೇ ಬರುತ್ತಿವೆ. ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಕಲಿಯಲು ಯೋಗ್ಯವಾದದ್ದು ಸಿಗುತ್ತದೆ. ಹೊರಗಿನ ಗಾಳಿ ಸಿಲಿಂಡರ್ ಬೇಡ, ಪಂಪ್ ಬೇಡ, ಕೆಟ್ಟರೆ ರಿಪೇರಿ ಸುಲಭ. ಕಷ್ಟ ಏನೆಂದರೆ ಅದು ಕುಣಿಯುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಮುಂದಕ್ಕೆ ಎಗರುತ್ತದೆ. ಇದೆಲ್ಲ ಪೆಲೆಟ್ ಇನ್ನೂ ನಳಿಕೆಯೊಳಗೆ ಇರುವಾಗಲೇ ಶುರುವಾಗಿರುತ್ತದೆ. ಆದ್ದರಿಂದ ಸ್ಪ್ರಿಂಗ್ ರೈಫಲ್ ಅನ್ನು ಹಾರೆಯಂತೆ ಬಿಗಿ ಹಿಡಿದರೆ ಗುಂಡು ದಿನಕ್ಕೊಂದು ಕಡೆ ಬೀಳುತ್ತದೆ. ಮುಂದಿನ ಕೈಯ ಅಂಗೈ ಬಿಚ್ಚಿ, ಹಸುಗೂಸಿನ ತಲೆ ಹಿಡಿದಂತೆ ಹಿಡಿಯಬೇಕು. ಅದು ಒದೆಯುವಷ್ಟು ಒದೆಯಲಿ, ಪ್ರತಿ ಸಲ ಒಂದೇ ಥರ ಒದೆಯಲಿ. ಇದು ಕೈಗೆ ಹತ್ತಿದವರು ಆಮೇಲೆ ಯಾವ ರೈಫಲ್ ಕೊಟ್ಟರೂ ಹೊಡೆಯುತ್ತಾರೆ.

ಎರಡನೆಯದು ಪಿಸಿಪಿ. ಮೊದಲೇ ಒತ್ತಿ ತುಂಬಿಸಿಟ್ಟ ಗಾಳಿ, ಸಾಮಾನ್ಯವಾಗಿ 200 ಬಾರ್ ಒತ್ತಡದ್ದು. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ, ಹೋಲಿಸಿ ನೋಡಿ. ಹೆಚ್ಚುಕಡಿಮೆ ಒದೆತವೇ ಇಲ್ಲ. ಸ್ಪರ್ಧೆಯಲ್ಲಿರುವ ವಾಲ್ಥರ್, ಫೈನ್‌ವೆರ್ಕ್‌ಬೌ, ಸ್ಟೈಯರ್, ಆನ್‌ಶುಟ್ಜ್ ಎಲ್ಲ ಈ ಜಾತಿಯವು. ಹೊಸದು ಬೇಕೆಂದರೆ ಲಕ್ಷಗಳ ಮಾತು. ಇದೇ ಜಾತಿಯಲ್ಲಿ ಕ್ಲಬ್‌ಗಳಿಗೆಂದು ಮಾಡಿದ ಹೆಮ್ಮರ್ಲಿ ಎಆರ್20 ಬೆಲೆಯಲ್ಲಿ ಕೆಳಗಿನದು, ಹಿಡಿಯನ್ನು ಉದ್ದ ಗಿಡ್ಡ ಮಾಡಬಹುದು, ಬೆಳೆಯುವ ಮಕ್ಕಳಿಗೆ ಒಗ್ಗುತ್ತದೆ. ಆದರೆ ಗಾಳಿ ತುಂಬಿಸುವ ಪಂಪಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಲೆನಾಡಿನಲ್ಲಿ ಇನ್ನೂ ಒಂದಿದೆ. ಮಳೆಗಾಲದ ಗಾಳಿಯನ್ನು ಕೈಪಂಪಿನಲ್ಲಿ ಒತ್ತಿದರೆ ಅದರಲ್ಲಿರುವ ತೇವ ನೀರಾಗಿ ಸಿಲಿಂಡರ್ ಸೇರುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದ ಪಂಪನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಲೇಬಾರದು ಎಂಬುದು ನನ್ನ ಪಾಲಿಸಿ.

ಮೂರನೆಯ ದಾರಿ ನನಗೆ ಪ್ರಿಯವಾದದ್ದು: ಹಳೇ ಸ್ಪರ್ಧಾ ರೈಫಲ್. ಫೈನ್‌ವೆರ್ಕ್‌ಬೌ 300ಎಸ್ ಎಂಬ ಜರ್ಮನ್ ರೈಫಲ್ ಇದೆ. ಸ್ಪ್ರಿಂಗಿನದೇ, ಪಕ್ಕದ ಸನ್ನೆಕೋಲು ಎಳೆದು ತಯಾರು ಮಾಡುವುದು. ಆದರೆ ಹೊಡೆದಾಗ ಇಡೀ ಯಂತ್ರಭಾಗ ಮರದ ಹಿಡಿಯ ಮೇಲೆ ಹಳಿಯಂಥದ್ದರಲ್ಲಿ ಜಾರಿ ಹಿಂದೆ ಸರಿಯುತ್ತದೆ, ಹೆಗಲಿಗೆ ಏನೂ ಗೊತ್ತಾಗುವುದಿಲ್ಲ. ಪಂಪಿಲ್ಲ, ಸಿಲಿಂಡರಿಲ್ಲ. ಯಾರಾದರೂ ಹಿರಿಯ ಶೂಟರ್ ಬಿಟ್ಟುಕೊಡುತ್ತಾರೆಂದರೆ ಹೋಗಿ ನೋಡಿ. ಒಳಗಿನ ಸೀಲ್ ಸವೆದಿರಬಹುದು, ಬದಲಾಯಿಸಬಹುದು. ಹಳೇ ಪಿಸಿಪಿ ಕೊಳ್ಳುವುದಾದರೆ ಸಿಲಿಂಡರ್ ಮೇಲೆ ಒತ್ತಿರುವ ತಾರೀಕು ಓದಿ. ಸ್ಪರ್ಧಾ ರೈಫಲ್‌ಗಳ ಸಿಲಿಂಡರ್‌ಗೆ ತಯಾರಕರು ಆಯಸ್ಸು ನಿಗದಿ ಮಾಡಿರುತ್ತಾರೆ, ಬಹಳ ಕಡೆ 10 ವರ್ಷ. ಅವಧಿ ಮುಗಿದದ್ದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ, ಹೊಸ ಸಿಲಿಂಡರ್‌ನ ಬೆಲೆ ಮೊದಲು ವಿಚಾರಿಸಿ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ನಾನು ನೋಡುವುದು ಎರಡೇ. ಒಂದು, ಅಳತೆ. ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಕೆನ್ನೆ ಒರಗಿಸಿ, ಕಣ್ಣು ಬಿಡಿ. ಸೈಟ್ ಕಣ್ಣೆದುರಿಗೇ ಇರಬೇಕು. ಕತ್ತು ಚಾಚಿ ಹುಡುಕಬೇಕಾದರೆ ಆ ರೈಫಲ್ ನಿಮ್ಮದಲ್ಲ. ಹನ್ನೆರಡು ವರ್ಷದ ಮಗುವಿಗೆ ದೊಡ್ಡವರ ನಾಲ್ಕು ಕೆ.ಜಿ. ರೈಫಲ್ ಕೊಟ್ಟರೆ ಅದು ಸೊಂಟ ಡೊಂಕು ಮಾಡಿ ನಿಲ್ಲುವುದನ್ನು ಕಲಿಯುತ್ತದೆ, ಗುರಿಯನ್ನಲ್ಲ. ಎರಡು, ಟ್ರಿಗರ್. ಸ್ಪರ್ಧಾ ರೈಫಲ್‌ನ ಟ್ರಿಗರ್ ನೂರು ಗ್ರಾಂ ಆಸುಪಾಸಿನಲ್ಲಿ ಬಿಡುತ್ತದೆ. ಅಗ್ಗದ್ದರಲ್ಲಿ ಒಂದೂವರೆ ಎರಡು ಕೆ.ಜಿ. ಎಳೆತ ಇರಬಹುದು, ಅದು ದೋಷವಲ್ಲ. ಎಳೆಯುತ್ತಾ ಹೋದಂತೆ ಗರಗರ ತಡೆದು ತಡೆದು ಬರುವುದು ದೋಷ. ಹದವಾದ ಟ್ರಿಗರ್ ಮಾಗಿದ ಹಣ್ಣಿನ ತೊಟ್ಟು ಕಳಚಿದಂತೆ ಬಿಡಬೇಕು. ಒಂದು ಎಚ್ಚರಿಕೆ: ಸ್ಪ್ರಿಂಗ್ ರೈಫಲ್ ಅನ್ನು ಪೆಲೆಟ್ ಇಲ್ಲದೆ ಹೊಡೆದು ನೋಡಬಾರದು. ಎದುರಿಗೆ ತಡೆ ಇಲ್ಲದೆ ಪಿಸ್ಟನ್ ಗೋಡೆಗೆ ಅಪ್ಪಳಿಸಿ ಸೀಲ್ ಹೋಗುತ್ತದೆ.

ನಳಿಕೆ ಒಳ್ಳೆಯದೋ ಅಲ್ಲವೋ ಎಂಬುದನ್ನು ನೋಡಿ ಹೇಳಲಾಗುವುದಿಲ್ಲ, ಹೊಡೆದೇ ತಿಳಿಯಬೇಕು. 10 ಮೀಟರ್ ದೂರಕ್ಕೆ, ಅಕ್ಕಿ ಅಥವಾ ಮರಳು ತುಂಬಿದ ಚೀಲದ ಮೇಲೆ ಕೈಯಿಟ್ಟು, ಒಂದೇ ಚುಕ್ಕಿಗೆ ಐದು ಗುಂಡು. ಎಲ್ಲಿ ಬಿದ್ದವು ಎಂಬುದು ಮುಖ್ಯವಲ್ಲ, ಅದನ್ನು ಸೈಟ್ ತಿರುಗಿಸಿ ಸರಿಮಾಡಬಹುದು. ಎಷ್ಟು ಒತ್ತೊತ್ತಾಗಿ ಬಿದ್ದವು ಎಂಬುದು ಮುಖ್ಯ. ಎನ್‌ಸಿಸಿಯಲ್ಲಿ ಗ್ರೂಪಿಂಗ್ ಎನ್ನುವುದು ಇದಕ್ಕೇ. ಐದೂ ತೂತುಗಳು ಹತ್ತು ರೂಪಾಯಿ ನಾಣ್ಯದಡಿ ಅರ್ಧ ಜಾಗದಲ್ಲಿ ಅಡಗಿದರೆ ಸ್ಪ್ರಿಂಗ್ ರೈಫಲ್ ಗೆದ್ದಿತು. ನಾಣ್ಯದಾಚೆ ಇಣುಕಿದರೆ ರೈಫಲನ್ನು ಬೈಯುವ ಮೊದಲು ಪೆಲೆಟ್ ಬದಲಾಯಿಸಿ ನೋಡಿ. ಒಂದೇ ನಳಿಕೆ ಒಂದು ಕಂಪನಿಯ ಪೆಲೆಟ್ ಒಪ್ಪುತ್ತದೆ, ಇನ್ನೊಂದನ್ನು ಉಗುಳುತ್ತದೆ. ಕಾಗದಕ್ಕೆ ಬೇಕಾದದ್ದು ಚಪ್ಪಟೆ ತಲೆಯ ಪೆಲೆಟ್. ಪಂಚಿಂಗ್ ಯಂತ್ರದಂತೆ ದುಂಡಗೆ ಕತ್ತರಿಸುತ್ತದೆ, ಅಂಕ ಓದಲು ಜಗಳವಿಲ್ಲ. ಚೂಪು ತಲೆಯದು ಕಾಗದ ಹರಿಯುತ್ತದೆ.

ಪೆಲೆಟ್ ಬಗ್ಗೆ ಕೈ ಬಿಗಿ ಮಾಡಬೇಡಿ. ವಾರಕ್ಕೆ ಮೂರು ದಿನ, ದಿನಕ್ಕೆ 60 ಎಂದರೂ 500ರ ಡಬ್ಬಿ ಮೂರು ವಾರ ಬರುವುದಿಲ್ಲ. ನಲವತ್ತು ಸಾವಿರದ ರೈಫಲ್ ತಂದು ಪೆಲೆಟ್‌ಗೆ ದುಡ್ಡಿಲ್ಲದೆ ಕಪಾಟಿನಲ್ಲಿ ಇಟ್ಟವರಿಗಿಂತ, ಹದಿನೈದು ಸಾವಿರದ್ದರಲ್ಲಿ ಹತ್ತು ಡಬ್ಬಿ ಖಾಲಿ ಮಾಡಿದವರು ಎಷ್ಟೋ ಮುಂದಿರುತ್ತಾರೆ.

ಇಷ್ಟೆಲ್ಲ ಹೇಳಿದರೂ ದುರ್ಬೀನಿನ ಆಸೆ ಹೋಗುವುದಿಲ್ಲ, ನನಗೂ ಹೋಗಿರಲಿಲ್ಲ. ಸ್ಪರ್ಧೆ ಬೇಡ, ಮನೆಯಂಗಳದಲ್ಲಿ 20, 25 ಮೀಟರ್‌ಗೆ ಡಬ್ಬಿ ಉರುಳಿಸಿ ಖುಷಿಪಡುತ್ತೇನೆ ಎನ್ನುವವರಿಗೆ, ಕಣ್ಣು ಮಂಜಾಗುತ್ತಿರುವ ನನ್ನ ವಯಸ್ಸಿನವರಿಗೆ ಅದು ಬೇಕಾದದ್ದೇ. ಆದರೆ ಕೊಳ್ಳುವುದರಲ್ಲಿ ನಾನು ಮೋಸಹೋದ ಬಗೆ ಕೇಳಿ. ನಗರದ ಒಂದು ಅಂಗಡಿಯಲ್ಲಿ ಎರಡು ಸಾವಿರಕ್ಕೆ ಹೊಳೆಯುವ ಸ್ಕೋಪ್ ಕೊಟ್ಟರು, "ದೊಡ್ಡ ರೈಫಲ್‌ಗೇ ಹಾಕ್ತಾರೆ ಸಾರ್, ನಿಮ್ಮ ಏರ್‌ಗನ್ ಯಾವ ಲೆಕ್ಕ" ಎಂದರು. ಇನ್ನೂರು ಗುಂಡು ಹೊಡೆಯುವುದರೊಳಗೆ ಒಳಗೆ ಗುರಿ ತೋರಿಸುವ ಅಡ್ಡ-ಉದ್ದದ ಕೂಡುಗೆರೆ ಓರೆಯಾಗಿ ತಿರುಗಿ ನಿಂತಿತು. ಅಲ್ಲಾಡಿಸಿದರೆ ಕಿಲಕಿಲ ಸದ್ದು. ದೊಡ್ಡ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ, ಸ್ಕೋಪ್‌ನ ಒಳಭಾಗ ಅದನ್ನು ತಡೆಯಲೆಂದೇ ಜೋಡಿಸಿರುತ್ತಾರೆ. ಸ್ಪ್ರಿಂಗ್ ಏರ್ ರೈಫಲ್ ಮುಂದಕ್ಕೂ ಎಗರುತ್ತದೆಂದು ಮೊದಲೇ ಹೇಳಿದೆನಲ್ಲ, ಆ ಎರಡನೇ ಏಟಿಗೆ ಅಗ್ಗದ ಸ್ಕೋಪ್ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ಗೆಂದೇ ಮಾಡಿದ್ದು ಎಂದು ಬರೆದಿರದ ಸ್ಕೋಪ್ ಕೊಳ್ಳಬೇಡಿ. ಅದನ್ನು ಕೂರಿಸುವ ಹಿಡಿಕೆ ಹಿಂದೆ ಜಾರದಂತೆ ತಡೆಗೂಟವೂ ಇರಬೇಕು.

ಇನ್ನೊಂದು ವಿಷಯ ಪ್ಯಾರಲಾಕ್ಸ್. ಹೆಸರು ಕೇಳಿ ಹೆದರಬೇಡಿ. ಅಂಗಳದಲ್ಲಿ ನಿಂತು ಹತ್ತಿರದ ಅಡಿಕೆ ಮರವನ್ನೂ ಹಿಂದಿನ ಗುಡ್ಡವನ್ನೂ ಒಟ್ಟಿಗೆ ನೋಡಿ, ತಲೆ ಸ್ವಲ್ಪ ಪಕ್ಕಕ್ಕೆ ಸರಿಸಿ. ಮರ ಗುಡ್ಡದ ಮೇಲೆ ಜಾರಿದಂತೆ ಕಾಣುತ್ತದೆ. ಸ್ಕೋಪ್‌ನೊಳಗೂ ಹಾಗೇ, ಕೂಡುಗೆರೆ ಮತ್ತು ಗುರಿ ಒಂದೇ ಸಮತಳದಲ್ಲಿ ಕೂರದಿದ್ದರೆ ಕಣ್ಣು ಕೂದಲೆಳೆ ಸರಿದರೂ ಗೆರೆ ಗುರಿಯ ಮೇಲೆ ತೇಲಾಡುತ್ತದೆ. ಮದ್ದಿನ ರೈಫಲ್‌ನ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. 10 ಮೀಟರ್‌ಗೆ ಅದರಲ್ಲಿ ಗುರಿ ಮಸುಕು, ಗೆರೆ ತೇಲು. ಆದ್ದರಿಂದ ಮುಂದಿನ ಮಸೂರ ತಿರುಗಿಸಿ 10 ಗಜದವರೆಗೆ ಹೊಂದಿಸಬಹುದಾದ ಸ್ಕೋಪ್ ಬೇಕು. ಪೆಟ್ಟಿಗೆಯ ಮೇಲೆ ಎಒ ಎಂದಿರುತ್ತದೆ. 3-9x40 ಎಂದರೆ ಮೂರರಿಂದ ಒಂಬತ್ತು ಪಟ್ಟು ಹಿರಿದಾಗಿಸುತ್ತದೆ, ಮುಂದಿನ ಮಸೂರ 40 ಮಿ.ಮೀ. ಇಷ್ಟು ಧಾರಾಳ ಸಾಕು. ಹಿರಿದಾದಷ್ಟೂ ನಿಮ್ಮ ನಡುಕವೂ ಹಿರಿದಾಗುತ್ತದೆ, ಹೊಸಬರು ಅದನ್ನು ನೋಡಿಯೇ ಗಾಬರಿಯಾಗಿ ಟ್ರಿಗರ್ ಕಿತ್ತೆಳೆಯುತ್ತಾರೆ. ನಾಲ್ಕು ಪಟ್ಟಿಗೆ ಇಟ್ಟುಕೊಳ್ಳಿ.

ಸ್ಕೋಪ್‌ನ ಗುಂಡಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ. ಸಾಮಾನ್ಯ ಸ್ಕೋಪ್‌ನಲ್ಲಿ ಒಂದು ಟಿಕ್ 100 ಗಜದಲ್ಲಿ ಕಾಲು ಇಂಚು ಸರಿಸುತ್ತದೆ. 10 ಮೀಟರ್‌ನಲ್ಲಿ ಅದು ಬರೀ 0.7 ಮಿ.ಮೀ. ಗುಂಡು ಮೂರು ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ ನಲವತ್ತಕ್ಕೂ ಹೆಚ್ಚು ಟಿಕ್ ಬೇಕು. ಎರಡು ಟಿಕ್ ತಿರುಗಿಸಿ "ಏನೂ ಆಗ್ಲಿಲ್ಲ, ಹಾಳಾಗಿದೆ" ಎಂದು ವಾಪಸ್ ಕೊಟ್ಟವರು ನನಗೆ ಗೊತ್ತು.

ಅಡಿಕೆ ಒಣಗಿಸುವ ಅಂಗಳದಲ್ಲಿ 10 ಮೀಟರ್ ಆರಾಮಾಗಿ ಸಿಗುತ್ತದೆ. ಗುರಿಯನ್ನು ಮಾತ್ರ ಜಂಬಿಟ್ಟಿಗೆ ಗೋಡೆಗೆ ನೇರವಾಗಿ ಅಂಟಿಸಬೇಡಿ. ಪೆಲೆಟ್ ಪುಟಿದು ವಾಪಸ್ ಬರುತ್ತದೆ. ದಪ್ಪ ತಗಡಿನ ಪೆಟ್ಟಿಗೆಗೆ ಹಳೇ ಬಟ್ಟೆ ಗಟ್ಟಿಯಾಗಿ ತುರುಕಿ, ಎದುರಿಗೆ ಕಾಗದ ಹಚ್ಚಿ. ಹಿಂದೆ ಜನ, ದನ ಓಡಾಡದ ದಿಕ್ಕು ಇರಲಿ, ಕನ್ನಡಕ ಹಾಕಿ. ಪೆಲೆಟ್ ಸೀಸದ್ದು, ಕೈ ತೊಳೆಯದೆ ಅವಲಕ್ಕಿಗೆ ಕೈ ಹಾಕಬೇಡಿ.

ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆಯೊಳಗೆ ರೈಫಲ್ ಮಲಗಿಸಿಟ್ಟರೆ ಸ್ಪಂಜು ತೇವ ಹೀರಿ ನಳಿಕೆಗೆ ತುಕ್ಕು ಹಿಡಿಸುತ್ತದೆ. ಲೋಹಕ್ಕೆ ತೆಳ್ಳಗೆ ಎಣ್ಣೆ ಸವರಿ, ಬೆಚ್ಚಗಿನ ಒಣ ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ನಿಲ್ಲಿಸಿಡಿ. ಗಾಳಿ ಒತ್ತುವ ಕೋಣೆಯೊಳಗೆ ಮಾತ್ರ ಎಣ್ಣೆ ಬಿಡಬೇಡಿ, ಅದು ಬಿಸಿಗೆ ಹೊತ್ತಿ ಢಂ ಎನ್ನುತ್ತದೆ. ಸ್ಕೋಪ್‌ಗೆ ಆಗುಂಬೆ ಸೀಮೆಯಲ್ಲಿ ದೊಡ್ಡ ಶತ್ರು ಬೂಸ್ಟು. ಮಸೂರದ ಒಳಗೆ ಜೇಡರ ಬಲೆಯಂತೆ ಹಬ್ಬಿದರೆ ತೆಗೆಯಲಾಗದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಜೆಲ್ ಬಿಸಿ ಮಾಡಿ ಒಣಗಿಸುವುದು, ಇಷ್ಟು ಮಾಡಿದರೆ ಬದುಕುತ್ತದೆ.

ಅಣ್ಣನ ಮಗ ಕೊನೆಗೆ ಓಪನ್ ಸೈಟ್‌ನ ಸ್ಪ್ರಿಂಗ್ ರೈಫಲ್ ತಂದ. ಆದರೂ ಮನಸ್ಸು ತಡೆಯದೆ ಒಂದು ಸ್ಕೋಪ್ ಕೂಡ ತಂದಿದ್ದ, ಎಒ ಇರುವುದನ್ನೇ. ಎರಡು ವಾರ ಹಾಕಿದ, ಶಾಲಾ ಕೂಟದ ನಿಯಮ ಓದಿದ ಮೇಲೆ ಬಿಚ್ಚಿಟ್ಟ. ಮೊನ್ನೆ ಹೋದಾಗ ಅವನು ಅಂಗಳದಲ್ಲಿ ನಿಂತು ಹೊಡೆಯುತ್ತಿದ್ದ, ಕಪ್ಪು ವೃತ್ತದೊಳಗೆ ಐದರಲ್ಲಿ ಮೂರು. ಸ್ಕೋಪ್ ಅಣ್ಣನ ಕೈಯಲ್ಲಿತ್ತು. ತೋಟದ ನಡುವೆ ತಲೆಯೆತ್ತಿ ನಿಂತು, ಗೊನೆಗೆ ಕೊಳೆರೋಗ ಬಂದಿದೆಯಾ ಅಂತ ಒಂದೊಂದೇ ಮರ ನೋಡುತ್ತಿದ್ದ.